ಫ್ರೆಂಚ್ ಹಾರ್ನ್: ಮೊದಲು ನಾದ ಆರಿಸಿ, ಆಮೇಲೆ ವಾದ್ಯ

ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಸಲ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಖರ್ಚಿನ ಹೊಣೆಗೆ ನಿಂತವರು ಮೈಸೂರಿನ ಜಯಚಾಮರಾಜ ಒಡೆಯರ್. ಅವುಗಳಲ್ಲಿ ‘ಸೆಪ್ಟೆಂಬರ್’ ಮುಗಿಯುವುದೇ ಫ್ರೆಂಚ್ ಹಾರ್ನಿನ ದನಿಯಲ್ಲಿ. ಅಂದು ಹಾಡಿಗೆ ಜೊತೆಯಾದ ಫಿಲ್ಹಾರ್ಮೋನಿಯಾ ವಾದ್ಯವೃಂದದ ಮುಖ್ಯ ಹಾರ್ನ್ ವಾದಕ ಡೆನಿಸ್ ಬ್ರೈನ್ ಆ ಕಾಲದಲ್ಲಿ ಬಳಸುತ್ತಿದ್ದುದು ಸಪೂರ ಕೊಳವೆಯ ಫ್ರೆಂಚ್ ವಾದ್ಯ. 1951ರಲ್ಲಿ ಅಗಲ ಕೊಳವೆಯ ಜರ್ಮನ್ ಅಲೆಕ್ಸಾಂಡರ್ ಹಾರ್ನ್ ಹಿಡಿದರು. ಅವರ ಎರಡೂ ಕಾಲದ ಧ್ವನಿಮುದ್ರಣಗಳನ್ನು ಕೇಳಿ. ತೆಳುವಾಗಿ ಹೊಳೆಯುವ ದನಿ ಬೇಕೋ, ತುಂಬಿದ ದನಿ ಬೇಕೋ ನಿರ್ಧರಿಸಿ. ಅಂಗಡಿಗೆ ಹೋಗುವುದು ಅದರ ನಂತರ.

ಎಲ್ಲಿ ನುಡಿಸುತ್ತೀರಿ ಎಂಬುದನ್ನೂ ಯೋಚಿಸಿ. ಮದುವೆ ಮೆರವಣಿಗೆಯಲ್ಲಿ ನಡೆಯುತ್ತ ಬಾರಿಸುವವರಿಗೆ ಈ ವಾದ್ಯ ಹೊಂದದು. ಇದರ ಬೆಲ್ ಹಿಂದಕ್ಕೆ ತಿರುಗಿರುವುದರಿಂದ ಬಯಲಿನಲ್ಲಿ ದನಿ ಚದುರಿಹೋಗುತ್ತದೆ. ಅವರಿಗೆ ಬೆಲ್ ಮುಂದಕ್ಕಿರುವ ಮೆಲ್ಲೊಫೋನ್ ಸರಿ. ಕುಳಿತು ನುಡಿಸುವವರು, ಪೊಲೀಸ್ ಬ್ಯಾಂಡ್ ಸೇರುವ ಆಸೆಯ ಹುಡುಗರು ಹಾರ್ನ್ ಕಲಿಯಲಿ. ಅಭ್ಯಾಸಕ್ಕೆ ಬೆನ್ನ ಹಿಂದೆ ಕಲ್ಲಿನ ಗೋಡೆಯಿದ್ದರೆ ನಾದ ತಿರುಗಿ ಕಿವಿಗೆ ಬರುತ್ತದೆ.

ಮುಂದಿನ ಆಯ್ಕೆ ಕೊಳವೆಯ ಉದ್ದದ್ದು. ಸುಮಾರು 12 ಅಡಿಯ ಎಫ್ ಹಾರ್ನ್ ಬೆಚ್ಚಗೆ ನುಡಿಯುತ್ತದೆ. ಸುಮಾರು 9 ಅಡಿಯ ಬಿ ಫ್ಲ್ಯಾಟ್ ಹಗುರ, ತಾರಸ್ಥಾಯಿಯಲ್ಲಿ ತಪ್ಪು ಕಡಿಮೆ. ಡಬಲ್ ಹಾರ್ನಿನಲ್ಲಿ ಎರಡೂ ಇವೆ, ಹೆಬ್ಬೆರಳಿನಿಂದ ಬದಲಿಸಬಹುದು. ತೂಕ ತಾಳುವ ವಯಸ್ಸಾಗಿದ್ದರೆ ಡಬಲ್ಲೇ ಕೊಳ್ಳಿ.

ಬೆಲ್ಲಿನ ಕತ್ತು ಅಗಲವಾದಷ್ಟೂ ದನಿ ಗಾಢ. ಕ್ರುಸ್ಪೆ ಮಾದರಿ ಅಂಥದ್ದು. ಗೈಯರ್ ಮಾದರಿಯ ಕತ್ತು ಕಿರಿದು, ಉಸಿರಿಗೆ ಬೇಗ ಓಗೊಡುತ್ತದೆ. ಹಳದಿ ಹಿತ್ತಾಳೆಯೋ, ತಾಮ್ರ ಹೆಚ್ಚಿರುವ ಗೋಲ್ಡ್ ಬ್ರಾಸೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ಕಲಿಯುವ ಹಂತದಲ್ಲಿ ಆ ವ್ಯತ್ಯಾಸಕ್ಕೆ ಹಣ ಸುರಿಯುವುದು ವ್ಯರ್ಥ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಹಣ ಮೌತ್‌ಪೀಸಿಗೆ ಹೋಗಲಿ. ಕಡಿಮೆ ಖರ್ಚಿನಲ್ಲಿ ನಾದ ಬದಲಿಸುವ ಭಾಗ ಅದೇ. ಒಳಗು ಆಳವಾದ ಆಲಿಕೆಯಂತಿದ್ದರೆ ದನಿ ಮೃದು, ಗಾಢ. ಆಳ ಕಡಿಮೆಯಾದರೆ ಚುರುಕು. ತಳದ ರಂಧ್ರ ದೊಡ್ಡದಾದರೆ ದನಿ ಬಿಚ್ಚಿಕೊಳ್ಳುತ್ತದೆ, ಆದರೆ ಉಸಿರು ಹೆಚ್ಚು ಬೇಡುತ್ತದೆ. ಅಂಚಿನ ಒಳವ್ಯಾಸ ಸಾಮಾನ್ಯವಾಗಿ 17ರಿಂದ 18 ಮಿ.ಮೀ. ಇರುತ್ತದೆ, ತುಟಿಗೆ ನೋವಾಗದ್ದನ್ನು ಆರಿಸಿ. ಕೊಳವೆಗೆ ಸಿಕ್ಕಿಸಿದಾಗ ಅದು ಅಲುಗಾಡಬಾರದು. ಬಲಗೈಯನ್ನು ಬೊಗಸೆ ಮಾಡಿ ಬೆಲ್ಲಿನೊಳಗಿಟ್ಟೇ ಪರೀಕ್ಷಿಸಿ. ಕೈಯಿಲ್ಲದೆ ಕೇಳಿದ ದನಿ ಆ ವಾದ್ಯದ್ದಲ್ಲ.

ಸೆಕೆಂಡ್ ಹ್ಯಾಂಡ್ ಆದರೆ ವಾಲ್ವ್ ಒತ್ತದೆ ಅದರ ಸ್ಲೈಡ್ ತುಸು ಹೊರಗೆಳೆಯಿರಿ, ಆಮೇಲೆ ಒತ್ತಿ. ‘ಟಪ್’ ಎಂದರೆ ಗಾಳಿ ಸೋರುತ್ತಿಲ್ಲ. ಮೌತ್‌ಪೀಸ್ ಸೇರುವ ಕೊಳವೆಯ ಮೇಲೆ ಕೆಂಪು ಚುಕ್ಕೆಗಳಿದ್ದರೆ ಸತು ಕರಗಿ ಲೋಹ ಒಳಗಿನಿಂದ ತಿನ್ನಿಹೋಗಿದೆ ಎಂದರ್ಥ, ಬಿಟ್ಟುಬಿಡಿ.

ನಮ್ಮ ಬೇಸಿಗೆಯಲ್ಲಿ ಕೊಳವೆಯ ಗಾಳಿ ಕಾದು ಶ್ರುತಿ ಏರುತ್ತದೆ. ಹತ್ತು ನಿಮಿಷ ಊದಿದ ಮೇಲೆ ಶ್ರುತಿ ಹೊಂದಿಸಿ, ಏರಿದ್ದರೆ ಮುಖ್ಯ ಸ್ಲೈಡ್ ಹೊರಗೆಳೆಯಿರಿ. ಹಾಗೆ ಎಳೆಯಲು ಜಾಗ ಉಳಿದಿರುವ ವಾದ್ಯವನ್ನೇ ಕೊಳ್ಳಿ.