ಪೀಣ್ಯದ ಯಂತ್ರಗಳೂ ಕೆಲಸಗಾರನ ಕಿವಿಯೂ

ಬೆಂಗಳೂರಿನ ವಾಯವ್ಯದಲ್ಲಿ, ತುಮಕೂರು ರಸ್ತೆಯ ಮಗ್ಗುಲಿಗೆ ಹರಡಿಕೊಂಡಿರುವ ಪೀಣ್ಯವು ಸಾವಿರಾರು ಸಣ್ಣಪುಟ್ಟ ಕಾರ್ಖಾನೆಗಳ ನೆಲೆ. ತಗಡನ್ನು ಅಚ್ಚೊತ್ತುವ ಪವರ್ ಪ್ರೆಸ್ಸು, ಲೋಹವನ್ನುಜ್ಜುವ ಗ್ರೈಂಡರು, ಕಾದ ಕಬ್ಬಿಣವನ್ನು ಬಡಿಯುವ ಹ್ಯಾಮರು ಇವುಗಳ ನಡುವೆ ಮೊದಲ ದಿನ ಕೆಲಸಮಾಡಿದ ಯುವಕನಿಗೆ ಸಂಜೆ ಮನೆಗೆ ಬಂದಮೇಲೂ ಕಿವಿಯಲ್ಲಿ ‘ಗುಂಯ್’ ಎನ್ನುತ್ತಿರುತ್ತದೆ. ಮಾತುಗಳೆಲ್ಲ ಹತ್ತಿ ತುರುಕಿದಂತೆ ಮಂದವಾಗಿ ಕೇಳುತ್ತವೆ. ಬೆಳಗಾಗುವಷ್ಟರಲ್ಲಿ ಇದು ಹೋಗಿಬಿಡುತ್ತದೆ. “ನಾಲ್ಕು ದಿನ ಕಳೆದರೆ ಅಭ್ಯಾಸವಾಗುತ್ತದೆ” ಎಂದು ಹಿರಿಯ ಕೆಲಸಗಾರರು ಸಮಾಧಾನ ಹೇಳುತ್ತಾರೆ. ಈ ಅಭ್ಯಾಸವೆಂಬುದು ನಿಜವಾಗಿ ಏನೆಂಬುದನ್ನು ವಿಚಾರಿಸೋಣ.

ಶಬ್ದದ ಅಲೆಗಳು ಕಿವಿದಮಟೆಯನ್ನು ನಡುಗಿಸುತ್ತವೆ. ಆ ನಡುಕವನ್ನು ಮೂರು ಕಿರುಮೂಳೆಗಳು ಒಳಗಿವಿಯ ಶಂಖಕ್ಕೆ ಸಾಗಿಸುತ್ತವೆ. ಬಸವನಹುಳುವಿನ ಚಿಪ್ಪಿನಂತೆ ಸುರುಳಿಸುತ್ತಿದ ಈ ಶಂಖದೊಳಗೆ ದ್ರವ ತುಂಬಿದೆ. ಅದರಲ್ಲಿ ಸುಮಾರು ೧೫,೦೦೦ ರೋಮಕೋಶಗಳು ಸಾಲುಗಟ್ಟಿ ನಿಂತಿವೆ. ದ್ರವವು ಅಲುಗಿದಾಗ ಇವುಗಳ ತಲೆಯ ಮೇಲಣ ಸೂಕ್ಷ್ಮ ರೋಮಗಳು ಬಾಗುತ್ತವೆ, ಆಗ ಹುಟ್ಟುವ ವಿದ್ಯುತ್ ಸಂದೇಶವು ನರದ ಮೂಲಕ ಮೆದುಳನ್ನು ಸೇರುತ್ತದೆ. ಮಿತಿಮೀರಿದ ಶಬ್ದದಿಂದ ಬಳಲಿದ ಕೋಶವು ವಿಶ್ರಾಂತಿ ದೊರೆತರೆ ಚೇತರಿಸಿಕೊಳ್ಳುವುದುಂಟು. ದಿನದಿನವೂ ಬಳಲಿದರೆ ಸಾಯುತ್ತದೆ. ಕೋಳಿಯ ಕಿವಿಯಲ್ಲಿ ಸತ್ತ ರೋಮಕೋಶದ ಜಾಗದಲ್ಲಿ ಹೊಸದೊಂದು ಬೆಳೆಯುತ್ತದೆ. ಮನುಷ್ಯನಿಗೆ ಆ ಭಾಗ್ಯವಿಲ್ಲ. ಗದ್ದಲವು ‘ಅಭ್ಯಾಸವಾಯಿತು’ ಎನ್ನುವವನ ಕಿವಿಯಲ್ಲಿ ಅದನ್ನು ಕೇಳಬೇಕಾದ ಕೋಶಗಳೇ ಕಡಿಮೆಯಾಗಿರುತ್ತವೆ.

ಈ ಹಾನಿಯು ಸಾಮಾನ್ಯವಾಗಿ ಸೆಕೆಂಡಿಗೆ ೪,೦೦೦ ಕಂಪನಗಳ ಆಸುಪಾಸಿನ ಕೀಚುಧ್ವನಿಗಳಲ್ಲಿ ಮೊದಲಾಗುತ್ತದೆ. ಅದರಿಂದಲೇ ರೋಗಿಯು ಬಹುಕಾಲ ಮೋಸಹೋಗುತ್ತಾನೆ. ಸ್ವರಗಳು ತಗ್ಗುಕಂಪನದವಾದುದರಿಂದ ಅವನಿಗೆ ಚೆನ್ನಾಗಿ ಕೇಳುತ್ತವೆ. ಸ, ಶ, ತ, ಕ ಮುಂತಾದ ವ್ಯಂಜನಗಳು ಮಸುಳುತ್ತವೆ. ಸಾಲು, ಕಾಲು, ಹಾಲು, ಪಾಲು ಈ ನಾಲ್ಕೂ ಅವನ ಪಾಲಿಗೆ ಹೆಚ್ಚುಕಡಿಮೆ ‘ಆಲು’ ಆಗುತ್ತವೆ. “ಕೇಳುತ್ತದೆ, ಆದರೆ ತಿಳಿಯುವುದಿಲ್ಲ” ಎಂದು ಅವನು ಹೇಳುವುದು ಅಕ್ಷರಶಃ ಸತ್ಯ. ಮನೆಯವರೋ, ಬೇಕಾದ್ದು ಮಾತ್ರ ಇವರಿಗೆ ಕೇಳುತ್ತದೆಂದು ಗೊಣಗುತ್ತಾರೆ.

ರೋಗವೇನೂ ಹೊಸದಲ್ಲ. ಇಟಲಿಯ ವೈದ್ಯ ರಾಮಾಜ್ಜೀನಿಯು ಕಸುಬುದಾರರ ರೋಗಗಳನ್ನು ಕುರಿತು ಬರೆದ ಗ್ರಂಥದ ೧೭೧೩ರ ಆವೃತ್ತಿಯಲ್ಲಿ, ತಾಮ್ರ ಬಡಿಯುವ ಕಂಚುಗಾರರು ಕಿವುಡರಾಗುವುದನ್ನು ವರ್ಣಿಸಿದ್ದಾನೆ. ೧೮೮೬ರಲ್ಲಿ ಗ್ಲಾಸ್ಗೋ ನಗರದ ಥಾಮಸ್ ಬಾರ್ ಎಂಬ ವೈದ್ಯನು ಬಾಯ್ಲರ್ ಕಟ್ಟುವ ನೂರು ಮಂದಿಯನ್ನು ಪರೀಕ್ಷಿಸಿದಾಗ, ಸರಿಯಾದ ಕಿವಿಯುಳ್ಳವನು ಒಬ್ಬನೂ ದೊರೆಯಲಿಲ್ಲ.

ಎಷ್ಟು ಶಬ್ದ ಹೆಚ್ಚು? ಎದುರುಬದರಾಗಿ ಆಡುವ ಮಾತು ಸುಮಾರು ೬೦ ಡೆಸಿಬೆಲ್. ಡೆಸಿಬೆಲ್ಲಿನ ಲೆಕ್ಕ ಕೊಂಚ ವಿಚಿತ್ರ: ೩ ಕೂಡಿದರೆ ಶಬ್ದಶಕ್ತಿ ಇಮ್ಮಡಿಯಾಗುತ್ತದೆ, ೧೦ ಕೂಡಿದರೆ ಹತ್ತುಮಡಿ. ಅಮೆರಿಕದ ವೃತ್ತಿ ಆರೋಗ್ಯ ಸಂಸ್ಥೆಯು ೮೫ ಡೆಸಿಬೆಲ್ಲಿಗೆ ಎಂಟು ಗಂಟೆ, ೮೮ಕ್ಕೆ ನಾಲ್ಕು ಗಂಟೆ, ಹೀಗೆ ಇಳಿಸುತ್ತ ೧೦೦ಕ್ಕೆ ಕಾಲು ಗಂಟೆ ಮಾತ್ರ ಎಂದು ಸಲಹೆ ಮಾಡಿದೆ. ನಮ್ಮಲ್ಲಿ ೧೯೪೮ರ ಕಾರ್ಖಾನೆ ಅಧಿನಿಯಮದಡಿ ಬಂದ ಮಾದರಿ ನಿಯಮಗಳು ೯೦ ಡೆಸಿಬೆಲ್ಲಿಗೆ ಎಂಟು ಗಂಟೆಯನ್ನೂ, ೧೦೦ಕ್ಕೆ ಎರಡು ಗಂಟೆಯನ್ನೂ ಒಪ್ಪಿದವು. ಕಿವಿಗೆ ದೇಶಭೇದವಿಲ್ಲವಾದುದರಿಂದ ಈ ಉದಾರತೆ ನನಗೆ ಅರ್ಥವಾಗದು.

ಗದ್ದಲದಿಂದಾದ ಕಿವುಡು ನಮ್ಮ ಕಾನೂನಿನಲ್ಲಿ ವೃತ್ತಿರೋಗವೆಂದೇ ಗಣಿತವಾಗಿದೆ. ೧೯೪೮ರ ಕಾರ್ಮಿಕ ರಾಜ್ಯ ವಿಮಾ ಅಧಿನಿಯಮದ ಮೂರನೆಯ ಅನುಸೂಚಿಯಲ್ಲಿ ಅದು ಸೇರಿತ್ತು; ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇದೆ. ಆದುದರಿಂದ ಪರಿಹಾರ ಕೇಳುವುದು ಬೇಡುವುದಲ್ಲ, ಹಕ್ಕು. ಆದರೆ ಇನ್ನೊಂದು ಬಾಗಿಲಲ್ಲಿ ತೊಡಕಿದೆ. ೨೦೧೬ರ ವಿಕಲಚೇತನರ ಹಕ್ಕುಗಳ ಅಧಿನಿಯಮದಂತೆ, ಮಾತಿನ ಕಂಪನಗಳಲ್ಲಿ ಎರಡು ಕಿವಿಗಳಿಗೂ ೭೦ ಡೆಸಿಬೆಲ್ ನಷ್ಟವಾದವನು ಕಿವುಡನು. ೬೦ರಿಂದ ೭೦ರವರೆಗಿನವನು ಮಂದಶ್ರವಣನು. ನಷ್ಟವನ್ನು ಅಳೆಯುವುದು ೫೦೦, ೧,೦೦೦, ೨,೦೦೦, ೪,೦೦೦ ಕಂಪನಗಳ ಸರಾಸರಿಯಿಂದ. ಒಬ್ಬ ಪ್ರೆಸ್ ಕೆಲಸಗಾರನಿಗೆ ಈ ನಾಲ್ಕರಲ್ಲಿ ಕ್ರಮವಾಗಿ ೧೫, ೨೦, ೩೫, ೭೦ ಡೆಸಿಬೆಲ್ ನಷ್ಟವಾಗಿದೆಯೆಂದು ಇಟ್ಟುಕೊಳ್ಳಿ. ಸರಾಸರಿ ೩೫. ಗದ್ದಲದ ಬಸ್ಸಿನಲ್ಲಿ ಕಂಡಕ್ಟರನ ಮಾತು ತಿಳಿಯದೆ ಕಕ್ಕಾಬಿಕ್ಕಿಯಾಗುವ ಈತ ಆ ಅಧಿನಿಯಮದ ಲೆಕ್ಕದಲ್ಲಿ ಮಂದಶ್ರವಣನೂ ಅಲ್ಲ!

ಕಿವಿಬಿರಡೆ ಅಗ್ಗದ ರಕ್ಷಣೆ. ಆದರೆ ಒಂದು ಗಣಿತವನ್ನು ವಿದ್ಯಾರ್ಥಿಗಳು ಗಮನಿಸಬೇಕು. ಎಂಟು ಗಂಟೆಯಲ್ಲಿ ಅರ್ಧಗಂಟೆ ಬಿರಡೆಯನ್ನು ತೆಗೆದರೆ ಹದಿನಾರರಲ್ಲೊಂದು ಪಾಲು ಶಬ್ದಶಕ್ತಿ ನೇರವಾಗಿ ಒಳಹೊಗುತ್ತದೆ. ಹದಿನಾರನೆಯ ಒಂದು ಭಾಗವೆಂದರೆ ೧೨ ಡೆಸಿಬೆಲ್ ಇಳಿತ. ಬಿರಡೆಯು ೩೦ ಡೆಸಿಬೆಲ್ ತಡೆಯುವಷ್ಟು ಉತ್ತಮವಾಗಿದ್ದರೂ ದಿನದ ಒಟ್ಟು ರಕ್ಷಣೆ ೧೨ಕ್ಕಿಂತ ಮೇಲೇರದು. ಯಂತ್ರದ ಬುಡಕ್ಕೆ ರಬ್ಬರು ಹಾಸಿ, ಸಡಿಲವಾದ ತಗಡುಗಳನ್ನು ಬಿಗಿದು, ಕಂಪ್ರೆಸರನ್ನು ಗೋಡೆಯಾಚೆಗೆ ಇಡುವುದು ಇದಕ್ಕಿಂತ ಮೇಲು. ಅದು ಕೆಲಸಗಾರನ ಜಾಗರೂಕತೆಯನ್ನು ನೆಚ್ಚಿಕೊಂಡಿಲ್ಲ.

ಈಗಾಗಲೇ ಕಿವಿ ಮಂದವಾದವರೊಡನೆ ಮಾತನಾಡುವಾಗ ಬಹುಮಂದಿ ಕೂಗುತ್ತಾರೆ. ಕೂಗಿದರೆ ಸ್ವರಗಳೇ ಉಬ್ಬುತ್ತವೆ, ವ್ಯಂಜನಗಳು ಇನ್ನಷ್ಟು ಮುಳುಗುತ್ತವೆ. ಬಾಯಿಯ ಆಕಾರವೂ ಕೆಡುತ್ತದೆ. ಬೆಳಕಿಗೆ ಮುಖಮಾಡಿ ನಿಧಾನವಾಗಿ ನುಡಿಯಬೇಕು. ತಿಳಿಯದಿದ್ದರೆ ಅದೇ ಮಾತನ್ನು ಒದರದೆ ಬೇರೆ ಪದಗಳಿಂದ ಹೇಳಬೇಕು. ತುಟಿಯೋದಿಕೆಗೂ ಮಿತಿಯುಂಟು: ಪಡಿ, ಬಡಿ, ಮಡಿ ಎಂದು ಕನ್ನಡಿಯ ಮುಂದೆ ದನಿಯಿಲ್ಲದೆ ಹೇಳಿ ನೋಡಿರಿ, ಮೂರಕ್ಕೂ ತುಟಿ ಒಂದೇ. ಒಂದು ತುಂಡು ಕಾಗದದಷ್ಟು ಉಪಕಾರಿ ಬೇರಿಲ್ಲ.

ಹುಟ್ಟಿನಿಂದಲೇ ಕಿವುಡರಾದವರ ವಿಷಯದಲ್ಲಿ ಕೆಲವು ಕಾರ್ಖಾನೆಯವರಿಗೆ ಒಂದು ವಿಪರೀತ ಭಾವನೆಯಿದೆ: “ಇವರಿಗೆ ಗದ್ದಲ ಬಾಧಿಸದು, ಪ್ರೆಸ್ಸಿನ ಬಳಿಗೆ ಹಾಕಿ.” ಕಿವುಡರಲ್ಲಿ ಅನೇಕರಿಗೆ ಅಷ್ಟಿಷ್ಟು ಶ್ರವಣ ಉಳಿದಿರುತ್ತದೆ, ಅದೂ ಇದರಿಂದ ಅಳಿಯುತ್ತದೆ. ಅಲ್ಲದೆ ಅಪಾಯದ ಸೈರನ್ ಅವರಿಗೆ ಮುಟ್ಟದು. ಮಿಣುಕುವ ಕೆಂಪುದೀಪವಾದರೆ ಎಲ್ಲರಿಗೂ ಕಾಣುತ್ತದೆ. ಅವರೊಡನೆ ಕೆಲಸಮಾಡುವವರು ಹತ್ತಾರು ಸಂಜ್ಞೆಗಳನ್ನಾದರೂ ಕಲಿಯುವುದು ಕಷ್ಟವಲ್ಲ. ದೆಹಲಿಯಲ್ಲಿ ೨೦೧೫ರಲ್ಲಿ ಸ್ಥಾಪಿತವಾದ ಭಾರತೀಯ ಸಂಜ್ಞಾಭಾಷಾ ಕೇಂದ್ರವು ೨೦೨೧ರ ವೇಳೆಗೆ ೧೦,೦೦೦ ಪದಗಳ ಸಂಜ್ಞಾಕೋಶವನ್ನು ಹೊರತಂದಿದೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿ ೧೯೬೫ರಿಂದ ನಡೆದುಬಂದಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಶ್ರವಣಪರೀಕ್ಷೆಗೂ ಈ ವಿದ್ಯೆಯ ಕಲಿಕೆಗೂ ಹೆಸರಾಗಿದೆ. ಐ.ಟಿ.ಐ. ಮುಗಿಸಿ ಕಾರ್ಖಾನೆಗೆ ಸೇರಲಿರುವ ವಿದ್ಯಾರ್ಥಿಯು ಕೆಲಸ ಹಿಡಿಯುವ ಮುನ್ನವೇ ಒಮ್ಮೆ ಶ್ರವಣಪರೀಕ್ಷೆ ಮಾಡಿಸಿಕೊಂಡು, ಆ ಶ್ರವಣಲೇಖದ ಪ್ರತಿಯನ್ನು ಅಂಕಪಟ್ಟಿಗಳ ಜೊತೆಯಲ್ಲೇ ಜೋಪಾನವಾಗಿಡುವುದು ಒಳ್ಳೆಯದು. ಇಪ್ಪತ್ತು ವರ್ಷಗಳ ಅನಂತರ ಪರಿಹಾರ ಕೇಳಬೇಕಾಗಿ ಬಂದಾಗ, “ನಿನ್ನ ಕಿವಿ ಮೊದಲೇ ಹೀಗಿತ್ತು” ಎಂಬ ಮಾತಿಗೆ ಉತ್ತರ ಕೊಡಲು ಆ ಹಾಳೆಯೇ ಅವನಿಗೆ ಬೇಕಾಗುತ್ತದೆ.