ರಾಷ್ಟ್ರೀಯ ರಕ್ಷಣಾ ಅಕಾಡೆಮಿ: ಪ್ರೌಢಶಾಲೆಯಲ್ಲೇ ಆರಂಭವಾಗಬೇಕಾದ ಸಿದ್ಧತೆ

ಪುಣೆ ನಗರದ ಸಮೀಪ, ಖಡಕ್‌ವಾಸ್ಲಾ ಜಲಾಶಯದ ದಂಡೆಯ ಮೇಲೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ನೆಲೆಗೊಂಡಿದೆ. ಭೂಸೇನೆ, ನೌಕಾಪಡೆ ಹಾಗೂ ವಾಯುಪಡೆಗಳ ಭಾವೀ ಅಧಿಕಾರಿಗಳು ಒಟ್ಟಿಗೆ ತರಬೇತಿ ಪಡೆಯುವ ಸಂಸ್ಥೆ ಇದು. ಪ್ರಧಾನಿ ಜವಾಹರಲಾಲ್ ನೆಹರೂ ಅವರು 1949 ರ ಅಕ್ಟೋಬರ್ 6 ರಂದು ಇದರ ಶಂಕುಸ್ಥಾಪನೆ ಮಾಡಿದರು. ಅಕಾಡೆಮಿಯ ಪೂರ್ವರೂಪವಾಗಿ ಅದೇ ವರ್ಷ ಡೆಹ್ರಾಡೂನಿನಲ್ಲಿ ಆರಂಭವಾದ ಮೊದಲ ತಂಡದ ಮೂವರು, ಎಸ್. ಎಫ್. ರೋಡ್ರಿಗಸ್, ಎಲ್. ರಾಮದಾಸ್ ಮತ್ತು ಎನ್. ಸಿ. ಸೂರಿ, ಮುಂದೆ 1991 ರಲ್ಲಿ ಏಕಕಾಲಕ್ಕೆ ಮೂರು ಪಡೆಗಳ ಮುಖ್ಯಸ್ಥರಾಗಿದ್ದರು.

ಈ ಅಕಾಡೆಮಿಗೆ ಸೇರಬೇಕೆಂಬ ಹಂಬಲ ಬಹಳಷ್ಟು ಮಕ್ಕಳಲ್ಲಿ ಇರುತ್ತದೆ. ಆದರೆ ಸಿದ್ಧತೆಯ ವಿಚಾರ ಮನೆಯಲ್ಲಿ ಪ್ರಸ್ತಾಪಕ್ಕೆ ಬರುವುದು ಸಾಮಾನ್ಯವಾಗಿ ಹನ್ನೆರಡನೆಯ ತರಗತಿಯಲ್ಲಿ. ಆ ವೇಳೆಗೆ ಕೆಲವು ಬಾಗಿಲುಗಳು ಮುಚ್ಚಿರುತ್ತವೆ. ಯಾವ ನಿರ್ಧಾರವನ್ನು ಯಾವ ಹಂತದಲ್ಲಿ ಕೈಗೊಳ್ಳಬೇಕು ಎಂಬುದನ್ನು ವಿದ್ಯಾರ್ಥಿಗಳಿಗೂ ಪಾಲಕರಿಗೂ ತಿಳಿಸುವುದು ಈ ಲೇಖನದ ಉದ್ದೇಶ.

ಅರ್ಹತೆ ಮತ್ತು ವಿಷಯಗಳ ಆಯ್ಕೆ

ಕೇಂದ್ರ ಲೋಕಸೇವಾ ಆಯೋಗವು ಪ್ರವೇಶ ಪರೀಕ್ಷೆಯನ್ನು ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ಅವಿವಾಹಿತರಾದ, ಸ್ಥೂಲವಾಗಿ ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದೊಳಗಿನ ಅಭ್ಯರ್ಥಿಗಳು ಇದಕ್ಕೆ ಅರ್ಹರು. ಹನ್ನೆರಡನೆಯ ತರಗತಿಯಲ್ಲಿ ಓದುತ್ತಿರುವವರೂ ಅರ್ಜಿ ಸಲ್ಲಿಸಬಹುದು. ಭೂಸೇನಾ ವಿಭಾಗಕ್ಕೆ ಯಾವುದೇ ವಿಷಯಗಳಲ್ಲಿ ಹನ್ನೆರಡನೆಯ ತರಗತಿ ತೇರ್ಗಡೆಯಾಗಿದ್ದರೆ ಸಾಕು. ನೌಕಾಪಡೆ ಮತ್ತು ವಾಯುಪಡೆಗಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಹಾಗೂ ಗಣಿತ ಕಡ್ಡಾಯ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕಲಾ ಅಥವಾ ವಾಣಿಜ್ಯ ವಿಭಾಗದ ವಿದ್ಯಾರ್ಥಿ ಭೂಸೇನೆಗೆ ಅರ್ಜಿ ಹಾಕಬಹುದಾದರೂ ಗಣಿತದ ಪತ್ರಿಕೆಯಿಂದ ಆತನಿಗೆ ವಿನಾಯಿತಿ ಇಲ್ಲ. ಅದು ಎಲ್ಲರಿಗೂ ಸಮಾನ. ತ್ರಿಕೋನಮಿತಿ, ಕಲನಶಾಸ್ತ್ರ, ಸದಿಶಗಳು, ಸಂಭವನೀಯತೆ ಮೊದಲಾದ ಭಾಗಗಳು ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳ ಮಟ್ಟದವು. ಆದುದರಿಂದ ಹತ್ತನೆಯ ತರಗತಿಯ ನಂತರ ಗಣಿತವನ್ನು ಕೈಬಿಡುವುದೆಂದರೆ ಅಕಾಡೆಮಿಯ ಹಾದಿಯನ್ನು ತಾನಾಗಿಯೇ ದುರ್ಗಮಗೊಳಿಸಿಕೊಂಡಂತೆ.

ಲಿಖಿತ ಪರೀಕ್ಷೆ

ಗಣಿತದ ಪತ್ರಿಕೆಗೆ 300 ಅಂಕಗಳು, ಸಾಮಾನ್ಯ ಸಾಮರ್ಥ್ಯ ಪತ್ರಿಕೆಗೆ 600 ಅಂಕಗಳು. ಎರಡಕ್ಕೂ ತಲಾ ಎರಡೂವರೆ ಗಂಟೆಗಳ ಕಾಲಾವಕಾಶವಿದೆ. ಗಣಿತದಲ್ಲಿ 120 ಪ್ರಶ್ನೆಗಳಿರುವುದರಿಂದ ಒಂದು ಪ್ರಶ್ನೆಗೆ ದೊರೆಯುವ ಸಮಯ ಕೇವಲ 75 ಸೆಕೆಂಡುಗಳು. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೆಯ ಒಂದು ಭಾಗವನ್ನು ಕಳೆಯಲಾಗುತ್ತದೆ. ಹೀಗಾಗಿ ಊಹೆಯಿಂದ ಉತ್ತರಿಸುವುದು ನಷ್ಟಕ್ಕೆ ದಾರಿಯಾಗಬಹುದು. ಸಾಮಾನ್ಯ ಸಾಮರ್ಥ್ಯ ಪತ್ರಿಕೆಯಲ್ಲಿ ಇಂಗ್ಲಿಷಿಗೆ 200 ಅಂಕಗಳಿದ್ದು, ಉಳಿದವು ವಿಜ್ಞಾನ, ಇತಿಹಾಸ, ಭೂಗೋಳ ಮತ್ತು ಪ್ರಚಲಿತ ವಿದ್ಯಮಾನಗಳಿಗೆ ಮೀಸಲು.

ಪ್ರಶ್ನೆಪತ್ರಿಕೆಗಳು ಹಿಂದಿ ಮತ್ತು ಇಂಗ್ಲಿಷ್ ಭಾಷೆಗಳಲ್ಲಿರುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಗಳು ಇದರಿಂದ ಎದೆಗುಂದಬೇಕಾಗಿಲ್ಲ. ಎಂಟನೆಯ ತರಗತಿಯಿಂದಲೇ ಒಂದು ಟಿಪ್ಪಣಿ ಪುಸ್ತಕವನ್ನಿಟ್ಟು, ಗಣಿತ ಹಾಗೂ ವಿಜ್ಞಾನದ ಪ್ರತಿಯೊಂದು ಪಾರಿಭಾಷಿಕ ಪದವನ್ನೂ ಎದುರುಬದುರಾಗಿ ಎರಡೂ ಭಾಷೆಗಳಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ದಿನವೂ ಒಂದು ಇಂಗ್ಲಿಷ್ ವೃತ್ತಪತ್ರಿಕೆಯನ್ನು ಓದಿ, ಓದಿದ್ದನ್ನು ನಾಲ್ಕು ವಾಕ್ಯಗಳಲ್ಲಿ ಬರೆಯುವ ರೂಢಿಯು ಭಾಷೆ ಮತ್ತು ಸಾಮಾನ್ಯ ಜ್ಞಾನ ಎರಡನ್ನೂ ಬೆಳೆಸುತ್ತದೆ.

ಸೇವಾ ಆಯ್ಕೆ ಮಂಡಳಿ

ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದವರನ್ನು ಸೇವಾ ಆಯ್ಕೆ ಮಂಡಳಿಯು ಸುಮಾರು ಐದು ದಿನಗಳ ಕಾಲ ಪರೀಕ್ಷಿಸುತ್ತದೆ. ಬೆಂಗಳೂರು, ಮೈಸೂರು, ಭೋಪಾಲ್ ಮೊದಲಾದ ನಗರಗಳಲ್ಲಿ ಇಂತಹ ಮಂಡಳಿಗಳಿವೆ. ಇದಕ್ಕೂ 900 ಅಂಕಗಳು. ಅಂದರೆ ಒಟ್ಟು ಅಂಕಗಳಲ್ಲಿ ಅರ್ಧ ಭಾಗ. ಚಿತ್ರವನ್ನು ನೋಡಿ ಕಥೆ ಬರೆಯುವುದು, ಒಂದು ಪದ ಕಂಡ ಕೂಡಲೇ ಮನಸ್ಸಿಗೆ ಹೊಳೆದುದನ್ನು ಬರೆಯುವುದು, ಗುಂಪಿನಲ್ಲಿ ಚರ್ಚಿಸುವುದು, ಹಲಗೆ ಹಗ್ಗಗಳ ನೆರವಿನಿಂದ ತಂಡವು ಅಡೆತಡೆಗಳನ್ನು ದಾಟುವುದು, ಸಂದರ್ಶನ ಇವೆಲ್ಲ ಇದರ ಅಂಗಗಳು.

ಅಭ್ಯರ್ಥಿಯು ಹೊಣೆ ಹೊರಬಲ್ಲನೇ, ಇತರರ ಮಾತನ್ನು ಕೇಳಬಲ್ಲನೇ, ಇಕ್ಕಟ್ಟಿನಲ್ಲಿ ಧೃತಿಗೆಡದೆ ಯೋಚಿಸಬಲ್ಲನೇ ಎಂಬುದನ್ನು ಮಂಡಳಿಯು ನೋಡುತ್ತದೆ. ಬಾಯಿಪಾಠ ಮಾಡಿದ ಉತ್ತರಗಳಿಗೆ ಇಲ್ಲಿ ಬೆಲೆಯಿಲ್ಲ. ಈ ಗುಣಗಳನ್ನು ಒಂದು ತಿಂಗಳ ತರಬೇತಿ ವರ್ಗದಲ್ಲಿ ಗಳಿಸಲಾಗದು. ಶಾಲೆಯ ಆಟದ ತಂಡ, ಎನ್.ಸಿ.ಸಿ., ಸ್ಕೌಟ್ಸ್, ಚರ್ಚಾಕೂಟ, ಬಡಾವಣೆಯ ಕನ್ನಡ ಸಂಘದ ಕಾರ್ಯಕ್ರಮದ ಹೊಣೆ, ಮನೆಯ ಬ್ಯಾಂಕು ಹಾಗೂ ಪಡಿತರದ ಕೆಲಸ ಇಂತಹವುಗಳಲ್ಲಿ ಅವು ನಿಧಾನವಾಗಿ ಮೈಗೂಡುತ್ತವೆ. ಮಗುವಿನ ಎಲ್ಲ ಕೆಲಸಗಳನ್ನೂ ಪಾಲಕರೇ ಮಾಡಿಕೊಡುವ ಮನೆಯಲ್ಲಿ ಈ ಸಿದ್ಧತೆ ನಡೆಯುವುದಿಲ್ಲ.

ಆರೋಗ್ಯ ಮತ್ತು ದಾಖಲೆಗಳು

ಮಂಡಳಿಯು ಶಿಫಾರಸು ಮಾಡಿದವರಿಗೆ ವೈದ್ಯಕೀಯ ತಪಾಸಣೆ ಇರುತ್ತದೆ. ದೃಷ್ಟಿ, ವರ್ಣಗ್ರಹಣ ಶಕ್ತಿ, ಶ್ರವಣ, ಹಲ್ಲು, ಪಾದ ಮತ್ತು ಮಂಡಿಗಳ ರಚನೆ ಎಲ್ಲವನ್ನೂ ಪರಿಶೀಲಿಸಲಾಗುತ್ತದೆ. ಹತ್ತನೆಯ ತರಗತಿಯಲ್ಲೇ ಒಮ್ಮೆ ಕಣ್ಣು ಮತ್ತು ಹಲ್ಲುಗಳ ತಪಾಸಣೆ ಮಾಡಿಸಿದರೆ ಸರಿಪಡಿಸಬಹುದಾದ ದೋಷಗಳಿಗೆ ಸಮಯ ದೊರೆಯುತ್ತದೆ. ಕಣ್ಣಿನ ಲೇಸರ್ ಶಸ್ತ್ರಚಿಕಿತ್ಸೆಯನ್ನಾಗಲಿ ಹಚ್ಚೆಯನ್ನಾಗಲಿ ನಿಯಮಗಳನ್ನು ಓದದೆ ಮಾಡಿಸಿಕೊಳ್ಳಬಾರದು.

ಹೊರನಾಡಿನ ಕನ್ನಡ ಕುಟುಂಬಗಳು ವಿಶೇಷವಾಗಿ ಗಮನಿಸಬೇಕಾದ ಸಂಗತಿ ಮತ್ತೊಂದಿದೆ. ಕರ್ನಾಟಕದಲ್ಲಿ ಪಡೆದ ಜನನ ಪತ್ರದಲ್ಲಿ ಹೆಸರಿನ ಮುಂದೆ ಇನಿಷಿಯಲ್ ಇದ್ದು, ಮುಂಬಯಿಯ ಶಾಲೆಯಲ್ಲಿ ತಂದೆಯ ಹೆಸರು, ಅಡ್ಡಹೆಸರುಗಳು ಸೇರಿರುವುದು ಅಪರೂಪವಲ್ಲ. ಆಯೋಗವು ಜನ್ಮದಿನಾಂಕಕ್ಕೆ ಹತ್ತನೆಯ ತರಗತಿಯ ಪ್ರಮಾಣಪತ್ರವನ್ನೇ ಆಧಾರವಾಗಿ ಸ್ವೀಕರಿಸುತ್ತದೆ. ಆದುದರಿಂದ ಬೋರ್ಡ್ ಪರೀಕ್ಷೆಯ ನೋಂದಣಿಗೆ ಮುಂಚೆಯೇ ಹೆಸರು ಮತ್ತು ದಿನಾಂಕಗಳನ್ನು ಎಲ್ಲ ದಾಖಲೆಗಳಲ್ಲಿ ಒಂದೇ ರೀತಿ ಇರುವಂತೆ ಮಾಡಿಸಿಕೊಳ್ಳಬೇಕು.

ಸೈನಿಕ ಶಾಲೆಗಳು

ಆರನೆಯ ಮತ್ತು ಒಂಬತ್ತನೆಯ ತರಗತಿಗಳಿಗೆ ಪ್ರವೇಶ ಪರೀಕ್ಷೆಯ ಮೂಲಕ ಸೈನಿಕ ಶಾಲೆ ಸೇರಬಹುದು. 1961 ರಲ್ಲಿ ಸ್ಥಾಪನೆಯಾದ ಸಾತಾರಾ, ತಮಿಳುನಾಡಿನ ಅಮರಾವತಿನಗರ, ಕರ್ನಾಟಕದ ವಿಜಯಪುರ ಹಾಗೂ ಕೊಡಗಿನ ಶಾಲೆಗಳು ಇವುಗಳಲ್ಲಿ ಸೇರಿವೆ. ಇವು ನೆರವಾಗುತ್ತವೆಯೇ ಹೊರತು ಅನಿವಾರ್ಯವಲ್ಲ. ಸಾಮಾನ್ಯ ಶಾಲೆಗಳ ಮಕ್ಕಳೂ ಅಕಾಡೆಮಿಗೆ ಆಯ್ಕೆಯಾಗುತ್ತಾರೆ.

ಹೆಣ್ಣುಮಕ್ಕಳಿಗೂ ಅವಕಾಶ

2021 ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ನೀಡಿದ ಮಧ್ಯಂತರ ಆದೇಶದಿಂದ ಹೆಣ್ಣುಮಕ್ಕಳಿಗೆ ಈ ಪರೀಕ್ಷೆ ತೆರೆಯಿತು. 2022 ರಲ್ಲಿ ಸೇರಿದ ಮೊದಲ ತಂಡದ 17 ಮಹಿಳಾ ಕೆಡೆಟ್‌ಗಳು 2025 ರ ಮೇ 30 ರಂದು ಅಕಾಡೆಮಿಯಿಂದ ಉತ್ತೀರ್ಣರಾಗಿ ಹೊರಬಂದರು. ಮಹಿಳೆಯರಿಗೆ ಪರೀಕ್ಷಾ ಶುಲ್ಕವಿಲ್ಲ.

ಮನೆಯಲ್ಲಿ ಆಗಬೇಕಾದ ಮಾತು

ಮೂರು ವರ್ಷಗಳ ತರಬೇತಿಯ ಕಾಲದಲ್ಲಿ ವಸತಿ, ಊಟ, ಸಮವಸ್ತ್ರ, ಪುಸ್ತಕಗಳ ವೆಚ್ಚವನ್ನು ಸರ್ಕಾರವೇ ಭರಿಸುತ್ತದೆ. ಕೊನೆಯಲ್ಲಿ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪದವಿ ದೊರೆಯುತ್ತದೆ. ಆದರೆ ಉಚಿತ ಶಿಕ್ಷಣದ ಆಸೆಯೊಂದರಿಂದಲೇ ಮಕ್ಕಳನ್ನು ಒತ್ತಾಯಿಸುವುದು ತರವಲ್ಲ. ತರಬೇತಿ ಕಠಿಣವಾದುದು, ಗಾಯಗಳಾಗುವ ಸಂಭವವೂ ಉಂಟು; ಮುಂದಿನ ವೃತ್ತಿ ಪ್ರಾಣಾಪಾಯವನ್ನು ಒಳಗೊಂಡಿದೆ. ಹದಿನೈದು ಹದಿನಾರರ ವಯಸ್ಸಿನ ಮಗು ಇದನ್ನು ಅರಿತು, ತಾನಾಗಿಯೇ ಒಪ್ಪಬೇಕು. ತಾಯಿತಂದೆಯರೂ ಇದನ್ನು ಮರೆಮಾಚದೆ ಮಾತನಾಡಬೇಕು.

ಲಕ್ಷಾಂತರ ಅರ್ಜಿದಾರರಲ್ಲಿ ಒಂದು ಬಾರಿಗೆ ಆಯ್ಕೆಯಾಗುವವರು ಕೆಲವೇ ನೂರು ಮಂದಿ. ವಯೋಮಿತಿ ಮುಗಿಯುವವರೆಗೆ ಮತ್ತೆ ಪ್ರಯತ್ನಿಸಬಹುದು. ಪದವಿಯ ನಂತರ ಸಂಯುಕ್ತ ರಕ್ಷಣಾ ಸೇವೆಗಳ ಪರೀಕ್ಷೆಯ ಅವಕಾಶವೂ ಇದೆ. ಗಟ್ಟಿಯಾದ ಗಣಿತ, ದೃಢವಾದ ದೇಹ ಮತ್ತು ಹೊಣೆಯರಿತ ನಡವಳಿಕೆ ಯಾವ ವೃತ್ತಿಯಲ್ಲೂ ನಿಷ್ಪ್ರಯೋಜಕವಾಗುವುದಿಲ್ಲ. ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ, ಅರ್ಜಿ ಸಲ್ಲಿಸುವ ಮುನ್ನ ಆಯೋಗದ ಅಂದಿನ ಅಧಿಸೂಚನೆಯನ್ನು ಪೂರ್ಣವಾಗಿ ಓದುವುದು ಅಗತ್ಯ.