ಗಲ್ಲಾಪೆಟ್ಟಿಗೆಯ ಕಾಯಕ

ಕಾಯಕವು ಬದಲಾದಾಗ ಮನುಷ್ಯನಿಗೆ ಎರಡು ಪರೀಕ್ಷೆಗಳು ಒದಗುತ್ತವೆ. ಬಿಟ್ಟುಬಂದ ಕೆಲಸವನ್ನು ಕೀಳೆಂದು ಬಗೆಯದಿರುವುದು ಮೊದಲನೆಯದು. ಕೈಗೊಂಡ ಕೆಲಸದ ನೇಮವನ್ನು ಹೊಸದಾಗಿ ಕಲಿಯುವುದು ಎರಡನೆಯದು. ಮೊದಲನೆಯದನ್ನು ಬಾಯಿಮಾತಿನಲ್ಲಿ ಎಲ್ಲರೂ ಒಪ್ಪುತ್ತಾರೆ, ಎರಡನೆಯದೇ ಕಠಿನ. ಇದನ್ನು ತಿಳಿಯಲು ಹೋಟೆಲಿನ ಬಾಳು ಒಳ್ಳೆಯ ನಿದರ್ಶನ.

ನಮ್ಮ ನಾಡಿನ ಹೋಟೆಲುಗಳಲ್ಲಿ ಮೇಜು ಒರಸುವವನು ಕಾಲಕ್ರಮದಲ್ಲಿ ಸಪ್ಲೈಯರನಾಗುವುದೂ, ನಂಬಿಕೆ ಗಳಿಸಿದ ಸಪ್ಲೈಯರನು ಗಲ್ಲಾದ ಮೇಲೆ ಕುಳಿತುಕೊಳ್ಳುವುದೂ ಉಂಟು. ಉಡುಪಿ ಸೀಮೆಯ ಕೆ. ಕೃಷ್ಣರಾಯರು ಅಡಿಗೆಮನೆಯ ಸಣ್ಣಪುಟ್ಟ ಕೆಲಸಗಳಿಂದ ಮೇಲೆ ಬಂದು 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು.

ಸಪ್ಲೈಯರನ ಗುಣ ಅವನ ಕಾಲಿನಲ್ಲಿಯೂ ನೆನಪಿನಲ್ಲಿಯೂ ಇರುತ್ತದೆ. ಯಾವ ಮೇಜಿಗೆ ದೋಸೆ, ಯಾರಿಗೆ ಸಕ್ಕರೆಯಿಲ್ಲದ ಕಾಫಿ ಎಂಬುದನ್ನು ಅವನು ಮರೆಯಬಾರದು. ಗಲ್ಲಾದವನ ಗುಣವಾದರೋ ಎಣಿಕೆಯಲ್ಲಿದೆ. ಬೆಳಗಿನ ಚಿಲ್ಲರೆಯನ್ನು ಎಣಿಸಿ ಬರೆದಿಡಬೇಕು. ರಾತ್ರಿ ಬಿಲ್ಲುಗಳಿಗೂ ನಗದಿಗೂ ಮೊಬೈಲಿನ ಮೂಲಕ ಬಂದ ಹಣಕ್ಕೂ ತಾಳೆ ನೋಡಬೇಕು.

ಲೆಕ್ಕದಲ್ಲಿ ಕಡಮೆಯಾದರೆ ಎಲ್ಲರೂ ಹುಡುಕುತ್ತಾರೆ. ಹೆಚ್ಚಾದರೆ? ಇಪ್ಪತ್ತು ರೂಪಾಯಿ ಹೆಚ್ಚು ಉಳಿಯಿತೆಂದರೆ ಯಾರೋ ಒಬ್ಬ ಗಿರಾಕಿಗೆ ಚಿಲ್ಲರೆ ಕಡಮೆ ಹೋಗಿರಬಹುದು. ಆದುದರಿಂದ ಹೆಚ್ಚಳವೂ ಒಂದು ತಪ್ಪೇ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಆಯ್ದಕ್ಕಿ ಲಕ್ಕಮ್ಮನು ಅದನ್ನು ಮರಳಿ ಸುರಿದು ಬರುವಂತೆ ಹೇಳಿದ ಕಥೆ ಪ್ರಸಿದ್ಧವಾಗಿದೆ. ಅಗತ್ಯಕ್ಕೆ ಮೀರಿದುದು ತನ್ನದಲ್ಲವೆಂಬ ಆ ತಾಯಿಯ ಅರಿವು ಗಲ್ಲಾಪೆಟ್ಟಿಗೆಗೂ ಸಲ್ಲುತ್ತದೆ.

ಇನ್ನೊಂದು ಇಕ್ಕಟ್ಟು ಸ್ನೇಹದಿಂದ ಬರುವುದು. ನಿನ್ನೆಯವರೆಗೆ ಜೊತೆಯಲ್ಲಿ ತಟ್ಟೆ ಹೊತ್ತವನು ಬಳಿಗೆ ಬಂದು, “ಅಣ್ಣಾ, ನಮ್ಮೂರಿನವರು ಬಂದಿದ್ದಾರೆ, ಇದೊಂದು ಬಿಲ್ಲು ಬಿಟ್ಟುಬಿಡು” ಎನ್ನುತ್ತಾನೆ. ಬಿಟ್ಟರೆ ನಂಬಿಕೆ ಕೆಡುವುದು. ಗದರಿದರೆ ಗೆಳೆತನ ಮುರಿಯುವುದು. ತನ್ನ ಜೇಬಿನಿಂದ ಹಣ ಹಾಕಿ ಬಿಲ್ಲು ಹರಿಯುವುದು, ಇಲ್ಲವೇ ಮೆಲ್ಲನೆ ಇಲ್ಲವೆನ್ನುವುದು, ಇವೆರಡೇ ನೇರವಾದ ದಾರಿಗಳು. ಅದೇ ಮನುಷ್ಯನು ಜನಸಂದಣಿಯಲ್ಲಿ, ಗಲ್ಲಾವನ್ನು ಮಾಲೀಕನಿಗೆ ಒಪ್ಪಿಸಿ, ಎದ್ದುಬಂದು ನಾಲ್ಕು ಲೋಟ ಎತ್ತಿದನಾದರೆ ಅವನ ಇಲ್ಲವೆಂಬ ಮಾತನ್ನು ಯಾರೂ ಅಹಂಕಾರವೆನ್ನಲಾರರು.

ಮಾಲೀಕನಿಗೂ ಇಲ್ಲಿ ಹೊಣೆಯಿದೆ. ಸಪ್ಲೈಯರನಿಗೆ ಗಿರಾಕಿಗಳು ಕೊಡುವ ಭಕ್ಷೀಸು ಗಲ್ಲಾದವನಿಗೆ ದೊರೆಯದು. ಸಂಬಳವನ್ನು ಅದಕ್ಕೆ ತಕ್ಕಂತೆ ಏರಿಸದೆ ಕುರ್ಚಿಯನ್ನು ಮಾತ್ರ ಕೊಟ್ಟರೆ, ಅದು ಗೌರವದ ಹೆಸರಿನಲ್ಲಿ ಅವನ ಮನೆಯ ಅನ್ನವನ್ನು ಕಡಮೆ ಮಾಡಿದಂತೆ. ಪೆಟ್ಟಿಗೆಯ ಮುಂದೆ ಕುಳಿತವನನ್ನು ಹಸಿವಿನಲ್ಲಿಟ್ಟು ಪ್ರಾಮಾಣಿಕತೆಯನ್ನು ಬೋಧಿಸುವುದು ನ್ಯಾಯವಲ್ಲ.

ಮೇಜು ಒರಸಿದ ಕೈಯೇ ಹಣ ಎಣಿಸುತ್ತದೆ. ಕೈ ಎರಡೂ ಕಡೆ ಶುಚಿಯಾಗಿದ್ದರೆ ಸ್ಥಾನ ಬದಲಾದರೂ ಕಾಯಕ ಕೆಡದು.